ಸರ್ಚ್ ಸರ್ವರ್‌ಗೆ ತನ್ನ ಹೆಸರೇ ಗೊತ್ತಿಲ್ಲದಾಗ

ಮಾದರಿಗಳ ವಿವರ, ಜೀನ್ ಟಿಪ್ಪಣಿ, ಹಳೆಯ ಲೇಖನಗಳು, ಇವನ್ನೆಲ್ಲ ಹುಡುಕೋಕೆ ಅನೇಕ ಪ್ರಯೋಗಾಲಯಗಳಲ್ಲಿ ಒಂದು ಸರ್ಚ್ ಸರ್ವರ್ ಇರುತ್ತೆ. ಇವತ್ತು ನಾವು ಉದಾಹರಣೆಗೆ ಅಪಾಚೆ ಸೋಲರ್ ತಗೊಳ್ಳೋಣ. ಅದು ಜಾವಾದಲ್ಲಿ ಬರೆದ ತಂತ್ರಾಂಶ.

ಸರ್ವರ್‌ನ ಹೆಸರು ಬದಲಾಯಿಸಿ ಮತ್ತೆ ಚಾಲೂ ಮಾಡ್ತೀವಿ. ಲಾಗ್‌ನಲ್ಲಿ 'ಅನ್‌ನೋನ್ ಹೋಸ್ಟ್ ಎಕ್ಸೆಪ್ಷನ್' ಅಂತ ಬರುತ್ತೆ, ಹುಡುಕಾಟ ನಿಂತು ಹೋಗುತ್ತೆ. ಗಾಬರಿಯಲ್ಲಿ ಇಂಡೆಕ್ಸ್ ಅಳಿಸಿ ಎಲ್ಲವನ್ನೂ ಹೊಸದಾಗಿ ಇನ್‌ಸ್ಟಾಲ್ ಮಾಡೋಣ ಅನ್ಸುತ್ತೆ. ದಯವಿಟ್ಟು ಬೇಡ. ದೊಡ್ಡ ಇಂಡೆಕ್ಸ್ ಮತ್ತೆ ಕಟ್ಟೋಕೆ ದಿನಗಟ್ಟಲೆ ಹಿಡಿಯಬಹುದು. ಈ ಸಂದೇಶ ನಿಮ್ಮ ದತ್ತಾಂಶದ ಬಗ್ಗೆ ಏನೂ ಹೇಳ್ತಿಲ್ಲ. 'ಈ ಹೆಸರಿಗೆ ವಿಳಾಸ ಸಿಗ್ಲಿಲ್ಲ' ಅಂತಷ್ಟೇ ಹೇಳ್ತಿದೆ.

ಹೆಸರು ಬೇರೆ, ವಿಳಾಸ ಬೇರೆ. ಜೀವಶಾಸ್ತ್ರದಲ್ಲೂ ಹಾಗೇ. ಬಿಆರ್‌ಸಿಎ1 ಜೀನ್ ಇರೋದು 17ನೇ ಕ್ರೋಮೋಸೋಮ್‌ನಲ್ಲಿ. ಮಾನವ ಜೀನೋಮ್‌ನ ಹಿಂದಿನ ಆವೃತ್ತಿಯಲ್ಲಿ ಅದರ ಸ್ಥಾನ ಸುಮಾರು 4 ಕೋಟಿ 12 ಲಕ್ಷನೇ ಅಕ್ಷರದ ಹತ್ತಿರ ಇತ್ತು. 2013ರ ಆವೃತ್ತಿಯಲ್ಲಿ ಅದು 4 ಕೋಟಿ 30 ಲಕ್ಷದ ಹತ್ತಿರ ಬಂತು. ಜೀನ್ ಅದೇ, ಹೆಸರೂ ಅದೇ, ಪಟ್ಟಿ ಬದಲಾಯ್ತು. ಹಾಗಾಗಿ ನಾವು ಕೇಳಬೇಕಾದ ಪ್ರಶ್ನೆ: ಈ ಯಂತ್ರ ಯಾವ ಪಟ್ಟಿ ನೋಡ್ತಿದೆ?

ಸಾಮಾನ್ಯ ಲಿನಕ್ಸ್ ಯಂತ್ರದಲ್ಲಿ ಎರಡು ಪಟ್ಟಿ ಇರುತ್ತೆ. ಒಂದು, ಯಂತ್ರದೊಳಗಿನ ಹೋಸ್ಟ್ಸ್ ಕಡತ. ಇನ್ನೊಂದು ಡಿಎನ್ಎಸ್, ಅಂದ್ರೆ 1983ರಲ್ಲಿ ಪಾಲ್ ಮೊಕಾಪೆಟ್ರಿಸ್ ರೂಪಿಸಿದ ಹಂಚಿಕೆಯ ಹೆಸರು ವ್ಯವಸ್ಥೆ. ಸಾಮಾನ್ಯವಾಗಿ ಕಡತ ಮೊದಲು, ಡಿಎನ್ಎಸ್ ಆಮೇಲೆ.

ಈಗ ಪರೀಕ್ಷೆ. ಮೊದಲು ಲಾಗ್‌ನಲ್ಲಿ ಯಾವ ಹೆಸರು ಇದೆ ಅಂತ ಓದಿ. 'ಹೋಸ್ಟ್‌ನೇಮ್' ಆದೇಶ ಕೊಟ್ಟು ಹೋಲಿಸಿ ನೋಡಿ. ಎಷ್ಟೋ ಸಲ ಅದು ಸರ್ವರ್‌ನ ಸ್ವಂತ ಹೆಸರೇ ಆಗಿರುತ್ತೆ!

ಆಮೇಲೆ 'ಗೆಟ್‌ಎಂಟ್ ಹೋಸ್ಟ್ಸ್' ಅಂತ ಬರೆದು, ಮುಂದೆ ಆ ಹೆಸರು ಹಾಕಿ ಕೇಳಿ. ಇದು ಎರಡೂ ಪಟ್ಟಿಗಳನ್ನು ಕ್ರಮವಾಗಿ ನೋಡುತ್ತೆ. 'ಡಿಗ್' ಹಾಗಲ್ಲ, ಅದು ನೇರವಾಗಿ ಡಿಎನ್ಎಸ್ ಕೇಳುತ್ತೆ, ಕಡತ ನೋಡೋದಿಲ್ಲ. ಹಾಗಾಗಿ ಎರಡರ ಉತ್ತರ ಬೇರೆ ಬೇರೆ ಬಂದ್ರೆ ಅದೇ ಒಂದು ಸುಳಿವು.

ಪ್ರಯೋಗಕ್ಕೆ ಕಂಟ್ರೋಲ್ ಬೇಕಲ್ವಾ? ಖಂಡಿತ ಕೆಲಸ ಮಾಡೋ ಒಂದು ಹೆಸರನ್ನೂ ಕೇಳಿ. ಅದೂ ಸಿಗದಿದ್ರೆ ತೊಂದರೆ ಸೋಲರ್‌ದಲ್ಲ, ನೆಟ್‌ವರ್ಕ್‌ದು ಅಥವಾ ಡಿಎನ್ಎಸ್ ಹೊಂದಾಣಿಕೆಯದು. 'ಡಾಟ್ ಇನ್‌ವ್ಯಾಲಿಡ್' ಅಂತ ಮುಗಿಯೋ ಹೆಸರನ್ನೂ ಕೇಳಿ. ಅದಕ್ಕೆ ಉತ್ತರವೇ ಬರಬಾರದು. ಬಂದ್ರೆ ನಡುವೆ ಯಾರೋ ಸುಳ್ಳು ವಿಳಾಸ ಕೊಡ್ತಿದ್ದಾರೆ ಅಂತ ಅರ್ಥ.

ಸ್ವಂತ ಹೆಸರು ಸಿಗ್ತಿಲ್ಲ ಅಂದ್ರೆ, ಹೋಸ್ಟ್ಸ್ ಕಡತಕ್ಕೆ ಒಂದು ಸಾಲು ಸೇರಿಸಿ: ಮೊದಲು ವಿಳಾಸ, ಪಕ್ಕದಲ್ಲಿ ಹೆಸರು. ಒಂದೇ ಯಂತ್ರವಾದ್ರೆ 127.0.0.1 ಸಾಕು. ಹಲವು ಯಂತ್ರಗಳ ಕ್ಲಸ್ಟರ್ ಆದ್ರೆ ನೆಟ್‌ವರ್ಕ್‌ನ ನಿಜ ವಿಳಾಸವೇ ಬೇಕು. 127.0.0.1 ಅಂದ್ರೆ 'ನಾನೇ' ಅಂತ. ಆ ವಿಳಾಸ ಹಂಚಿದ್ರೆ ಪ್ರತಿ ಯಂತ್ರವೂ ತನ್ನ ಬಾಗಿಲನ್ನೇ ತಾನು ತಟ್ಟುತ್ತಾ ಕೂರುತ್ತೆ. ಡಾಕರ್ ಕಂಟೇನರ್ ಒಳಗೂ ಇದೇ ಕತೆ: ಅಲ್ಲಿ 'ಲೋಕಲ್‌ಹೋಸ್ಟ್' ಅಂದ್ರೆ ಆ ಕಂಟೇನರ್ ಮಾತ್ರ.

ಎಲ್ಲ ಸರಿ ಇದ್ರೂ ಸೋಲರ್ ಹಳೆಯ ವಿಳಾಸಕ್ಕೇ ಹೋಗ್ತಿದ್ಯಾ? ಜಾವಾ ಸಿಕ್ಕ ಉತ್ತರವನ್ನು ನೆನಪಿಟ್ಟುಕೊಳ್ಳುತ್ತೆ, ಸಾಮಾನ್ಯವಾಗಿ 30 ಸೆಕೆಂಡು. ಆದರೆ ಈ ಅವಧಿಯನ್ನು ಮೈನಸ್ 1 ಅಂತ ಇಟ್ಟಿದ್ರೆ ಶಾಶ್ವತವಾಗಿ ನೆನಪಿಡುತ್ತೆ. ಆಗ ಸೋಲರ್ ನಿಲ್ಲಿಸಿ ಮತ್ತೆ ಶುರು ಮಾಡಲೇಬೇಕು.

ಒಂದು ಸಲಕ್ಕೆ ಒಂದೇ ಬದಲಾವಣೆ ಮಾಡಿ, ಮತ್ತೆ ಕೇಳಿ, ಬಂದ ಉತ್ತರ ಬರೆದಿಡಿ. ಪ್ರಯೋಗಾಲಯದ ನೋಟ್‌ಬುಕ್ ಶಿಸ್ತು ಇಲ್ಲೂ ನಡೆಯುತ್ತೆ. ಇಂಡೆಕ್ಸ್ ಮಾತ್ರ ಮುಟ್ಟಬೇಡಿ. ಮುಂದಿನ ಸಂಚಿಕೆಯಲ್ಲಿ ಸಿಗೋಣ.