ಬ್ರೇಕ್ ಆಯಿಲ್ ಡಬ್ಬಿಗೆ ಎಂಜಿನ್ ಆಯಿಲ್ ಬಿದ್ದರೆ

ದಸರಾ ರಜೆಗೆ ನಾವು ಮೂವರು ರಾಜೂರಿನಲ್ಲಿದ್ವಿ. ಗೆಳೆಯನ ಕಾಕಾನ ಬೈಕಿನ ಮುಂದಿನ ಡಿಸ್ಕ್ ಬ್ರೇಕ್ ಒಮ್ಮೆ ಹಿಡಿದರೆ ಬಿಡ್ತಾನೇ ಇರಲಿಲ್ಲ. ಗಜೇಂದ್ರಗಡ ಮುಟ್ಟೋದ್ರೊಳಗೆ ಡಿಸ್ಕ್ ಕಾದ ಹಂಚು. ಹಾಗೇ ಕಾಯ್ತಾ ಹೋದರೆ ದ್ರವ ಕುದಿದು, ಬ್ರೇಕ್ ಹಿಡಿದರೂ ಗಾಡಿ ನಿಲ್ಲಲ್ಲ.

ಹ್ಯಾಂಡಲ್ ಮೇಲಿನ ಡಬ್ಬಿ ಬಿಚ್ಚಿದಾಗ ಮುಚ್ಚಳದ ಕೆಳಗಿನ ರಬ್ಬರ್ ಉಬ್ಬಿ ಸೊಟ್ಟಗಾಗಿತ್ತು. ಸ್ವಲ್ಪ ದ್ರವ ತೆಗೆದು ಗಾಜಿನ ಬಾಟಲಿಯಲ್ಲಿ ನೀರು ಸೇರಿಸಿ ಕುಲುಕಿ ಇಟ್ವಿ. ಡಾಟ್ 3, ಡಾಟ್ 4 ಗ್ಲೈಕಾಲ್ ಜಾತಿಯವು, ನೀರಲ್ಲಿ ಬೆರೆತುಹೋಗುತ್ತವೆ. ನಮ್ಮದರಲ್ಲಿ ಎಣ್ಣೆ ಮೇಲೆ ತೇಲಿತು. ಹಿಂದಿನ ವಾರ ‘ಆಯಿಲ್ ಕಡಿಮೆ ಇದೆ’ ಅಂತ ಎಂಜಿನ್ ಆಯಿಲ್ ಸುರಿದಿದ್ದು ನಾವೇ! (ಬ್ರೇಕ್ ‘ಆಯಿಲ್’ ಅನ್ನೋ ಹೆಸರೇ ಮೋಸ.)

ಬ್ರೇಕ್ ಸೀಲುಗಳು ಸಾಮಾನ್ಯವಾಗಿ ಇಪಿಡಿಎಂ ರಬ್ಬರ್. ಗ್ಲೈಕಾಲ್‌ಗೆ ಜಗ್ಗಲ್ಲ, ಪೆಟ್ರೋಲಿಯಂ ಎಣ್ಣೆ ಕುಡಿದರೆ ಉಬ್ಬುತ್ತೆ. ಮಾಸ್ಟರ್ ಸಿಲಿಂಡರಿನ ಕಪ್ ಉಬ್ಬಿ ದ್ರವ ವಾಪಸ್ ಬರೋ ಸಣ್ಣ ತೂತು ಮುಚ್ಚಿದಾಗ ಪ್ಯಾಡ್ ಡಿಸ್ಕನ್ನ ಬಿಡಲ್ಲ.

ಹಳೇದು ಚೆಲ್ಲಿ ಹೊಸದು ತುಂಬಿದರೆ ಸಾಲಲ್ಲ. ಮಾಸ್ಟರ್ ಸಿಲಿಂಡರ್ ಕಿಟ್, ಕ್ಯಾಲಿಪರ್ ಸೀಲು, ಹೋಸ್ ಎಲ್ಲಾ ಹೊಸದು ಹಾಕಿಸಿದ್ವಿ. ಲೋಹದ ಭಾಗಗಳನ್ನ ಬ್ರೇಕ್ ಕ್ಲೀನರ್‌ನಿಂದ ತೊಳೆದ್ವಿ. ಪೆಟ್ರೋಲ್ ಬೇಡ, ಅದೂ ಅದೇ ಜಾತಿ. ಮುಚ್ಚಳದ ಮೇಲೆ ಬರೆದ ಡಾಟ್ ನಂಬರಿನದನ್ನೇ ತುಂಬಿ ಏರ್ ತೆಗೆಸಿದ ಮೇಲೆ ಚಕ್ರ ಹಗುರಾಗಿ ತಿರುಗಿತು. ಕಾಕಾ ಬಿಲ್ಲನ್ನ ನಮ್ಮ ಕೈಗೇ ಕೊಟ್ಟರು.