ಒಂಬತ್ತನೆಯ ಕೈ ನನ್ನದು

ಪ್ರಶ್ನೆ: ನನಗೆ ಐವತ್ತೆರಡು ವರ್ಷ, ಶಿವಮೊಗ್ಗದ ಕಡೆಯವಳು. ಸ್ಯಾನ್ ಹೋಸೆಗೆ ಬಂದು ಇಪ್ಪತ್ತು ವರ್ಷ ದಾಟಿತು, ಈಗ ಅಮೆರಿಕದ ಪ್ರಜೆ. ಕಳೆದ ತಿಂಗಳು ಜ್ಯೂರಿ ಡ್ಯೂಟಿಗೆ ಕರೆ ಬಂದು ಸಿವಿಲ್ ಕೇಸೊಂದಕ್ಕೆ ಆಯ್ಕೆಯಾದೆ. ಸಿಗ್ನಲ್‌ನಲ್ಲಿ ನಿಂತಿದ್ದ ಕಾರಿಗೆ ಕಾಲೇಜು ಹುಡುಗಿಯೊಬ್ಬಳು ಹಿಂದಿನಿಂದ ಗುದ್ದಿದ್ದಳು. ತಪ್ಪು ತನ್ನದೇ ಎಂದು ಒಪ್ಪಿಯೂ ಇದ್ದಳು. ಗುದ್ದಿಸಿಕೊಂಡವರಿಗೆ ಅರವತ್ತರ ಮೇಲೆ. ಸೊಂಟನೋವು ಅವತ್ತಿನಿಂದಲೇ ಶುರುವಾದದ್ದು ಎಂದು ಅವರ ವಾದ. ಹಳೆಯ ಸ್ಕ್ಯಾನಿನಲ್ಲೇ ಬೆನ್ನುಮೂಳೆ ಸವೆದಿತ್ತು ಎಂದು ಎದುರಿನವರ ವಾದ. ಹನ್ನೆರಡು ಜನರಲ್ಲಿ ಮೊದಲು ಎಂಟು ಮಂದಿ ಹುಡುಗಿಯ ಪರ, ನಾನು ಉಳಿದ ನಾಲ್ವರ ಕಡೆ. ಡಾಕ್ಟರ ಸಾಕ್ಷಿಯನ್ನು ಮತ್ತೊಮ್ಮೆ ಓದಿಸಿ ಕೇಳಿದ ಮೇಲೆ ನಾನು ಆಚೆ ಕಡೆ ಹೋದೆ. ಒಂಬತ್ತಾಯಿತು. ಅವರಿಗೆ ಒಂದು ಡಾಲರೂ ಸಿಗಲಿಲ್ಲ.

ಮನೆಗೆ ಬಂದು ಗೂಗಲ್ ಮಾಡಿದರೆ, ಇಂಥ ಕೇಸಿನಲ್ಲಿ ದುಡ್ಡು ಕಟ್ಟುವುದು ಸಾಮಾನ್ಯವಾಗಿ ಇನ್ಶೂರೆನ್ಸ್ ಕಂಪನಿಯಂತೆ. ನನ್ನ ಮಗಳ ವಯಸ್ಸಿನ ಹುಡುಗಿ ಎಲ್ಲಿಂದ ತರುತ್ತಾಳೆ ಎಂದು ನಾನು ಮರುಗಿದ್ದೆ. ಜ್ಯೂರಿ ಚರ್ಚಿಸುವ ಕೋಣೆಯಲ್ಲಿ ಹೆಚ್ಚು ಬಾಯಿಯನ್ನೂ ಬಿಡಲಿಲ್ಲ. ಊರಿಗೆ ಫೋನ್ ಮಾಡಿದಾಗ ಅಮ್ಮ, “ನೊಂದವರ ನಿಟ್ಟುಸಿರು ತಟ್ಟದೆ ಬಿಡಲ್ಲ ಕಣೇ, ಕಂಡವರ ನ್ಯಾಯ ನಿನಗ್ಯಾಕೆ ಬೇಕಿತ್ತು?” ಅಂದರು. ನಿದ್ದೆ ಹೋಗಿದೆ. ಆ ಗುದ್ದಿಸಿಕೊಂಡವರ ವಿಳಾಸ ಹುಡುಕಿ ಕ್ಷಮೆ ಕೇಳಲೇ? ಜಡ್ಜ್‌ಗೆ ಬರೆದರೆ ತೀರ್ಪು ಬದಲಾದೀತೇ?

— ಹೆಸರು ಬೇಡ, ಸ್ಯಾನ್ ಹೋಸೆ

ಉತ್ತರ: ಕೊನೆಯ ಪ್ರಶ್ನೆಯಿಂದಲೇ ಶುರು ಮಾಡೋಣ, ಅದರ ಉತ್ತರ ಸುಲಭ. ಬದಲಾಗುವುದಿಲ್ಲ. ಜ್ಯೂರಿಯವರ ತಲೆಯೊಳಗೆ ಏನು ನಡೆಯಿತು ಎಂದು ಆಮೇಲೆ ಕೆದಕಲು ಕ್ಯಾಲಿಫೋರ್ನಿಯದ ಸಾಕ್ಷ್ಯ ಕಾನೂನು ಬಿಡುವುದಿಲ್ಲ. ‘ಹುಡುಗಿಯ ಮೇಲೆ ಮರುಕ ಬಂತು’, ‘ಈಗ ಪಶ್ಚಾತ್ತಾಪವಾಗುತ್ತಿದೆ’ ಎಂದು ಬರೆದು ಕಳಿಸಿದರೆ ಅದರಿಂದ ತೀರ್ಪು ಅಲ್ಲಾಡದು. ಕೋಣೆಯೊಳಗೆ ಯಾರಾದರೂ ಫೋನಿನಲ್ಲಿ ಹುಡುಕಿ ಹೊರಗಿನ ಸುದ್ದಿ ತಂದಿದ್ದರೆ ಆ ಮಾತೇ ಬೇರೆ, ಆಗ ವಕೀಲರನ್ನು ಕಾಣಬೇಕು. ನಿಮ್ಮ ಪತ್ರದಲ್ಲಿ ಅಂಥದ್ದೇನೂ ಇಲ್ಲ. ನೀವು ಗೂಗಲ್ ಮಾಡಿದ್ದು ಎಲ್ಲ ಮುಗಿದು ಮನೆಗೆ ಬಂದ ಮೇಲೆ.

ಇನ್ನು ಕ್ಷಮೆಯ ಪತ್ರ. ದಯವಿಟ್ಟು ಬರೆಯಬೇಡಿ. ವಿಚಾರಣೆ ಮುಗಿದ ಮೇಲೆ ಯಾರೊಂದಿಗೆ ಬೇಕಾದರೂ ಮಾತಾಡುವ, ಬೇಡವೆಂದರೆ ಸುಮ್ಮನಿರುವ ಸ್ವಾತಂತ್ರ್ಯ ನಿಮಗಿದೆ, ನಿಜ. ಆದರೆ ಆ ಕಾಗದ ಅವರ ಸೊಂಟನೋವನ್ನು ಇಳಿಸುವುದಿಲ್ಲ. ನಿಮ್ಮ ನೋವನ್ನು ಅವರ ಮನೆ ಬಾಗಿಲಿಗೆ ಸಾಗಹಾಕುತ್ತದೆ, ಅಷ್ಟೆ.

ಈಗ ನಿಮ್ಮನ್ನು ಕಾಡುತ್ತಿರುವುದಕ್ಕೆ ಬರೋಣ. ಕೊನೆಯಲ್ಲಿ ನಿಮ್ಮ ಮುಂದಿಟ್ಟ ತೀರ್ಪಿನ ಹಾಳೆಯನ್ನು ನೆನಪಿಸಿಕೊಳ್ಳಿ. ಇಂಥ ಕೇಸಿನಲ್ಲಿ ಅದರ ಮೊದಲ ಪ್ರಶ್ನೆ ಅಜಾಗರೂಕತೆಯದು, ಅದನ್ನು ಆ ಹುಡುಗಿಯೇ ಒಪ್ಪಿದ್ದಳು. ಮುಂದಿನದು, ಆ ಅಜಾಗರೂಕತೆ ಇವರಿಗಾದ ಹಾನಿಗೆ ಗಣನೀಯ ಕಾರಣವೇ ಎಂಬುದು. ‘ಇಲ್ಲ’ ಎಂದಾದರೆ ಇಲ್ಲಿಗೇ ನಿಲ್ಲಿಸಿ ಸಹಿ ಹಾಕಿ ಎಂದು ಅದೇ ಹಾಳೆ ಹೇಳುತ್ತದೆ. ಹಣದ ಪ್ರಶ್ನೆ ಇನ್ನೂ ಕೆಳಗಿದೆ, ನೀವು ಅಲ್ಲಿಯವರೆಗೆ ಹೋಗಲೇ ಇಲ್ಲ. ಈ ಮನುಷ್ಯರಿಗೆ ನೋವಿದೆಯೇ, ಇವರಿಗೆ ಆಸರೆ ಬೇಕೇ ಎಂದು ಆ ಹಾಳೆ ಕೇಳಿರಲಿಲ್ಲ. ನೋವಿರುವುದನ್ನು ನೀವು ಕಣ್ಣಾರೆ ಕಂಡಿರಿ, ನಂಬಿಯೂ ಇದ್ದಿರಿ. ಅದು ಈ ಗುದ್ದಿನಿಂದಲೇ ಬಂದದ್ದು ಎಂದು ಒಪ್ಪಿಸುವ ಹೊಣೆ ದಾವೆ ಹೂಡಿದವರದು. ಕ್ರಿಮಿನಲ್ ಕೇಸಿನ ಹಾಗೆ ಸಂಶಯಕ್ಕೆ ಎಡೆಯಿಲ್ಲದಂತೆ ಸಾಧಿಸಬೇಕಿಲ್ಲ, ತಕ್ಕಡಿ ಒಂದು ಕೂದಲೆಳೆಯಷ್ಟು ಅವರ ಕಡೆ ವಾಲಿದ್ದರೂ ಸಾಕಿತ್ತು. ವಾಲಲಿಲ್ಲ ಎಂದು ನಿಮಗನಿಸಿತು.

ಹಾಗೆಂದು, ಹಳೆಯ ಸವೆತ ಇತ್ತು ಎಂಬ ಒಂದೇ ಕಾರಣಕ್ಕೆ ‘ಇಲ್ಲ’ ಎನ್ನುವಂತಿರಲಿಲ್ಲ. ಇದ್ದ ತೊಂದರೆ ಅಪಘಾತದಿಂದ ಹೆಚ್ಚಾಗಿದ್ದರೆ, ಆ ಹೆಚ್ಚಳಕ್ಕೆ ಪರಿಹಾರ ಉಂಟು. ಡಾಕ್ಟರ ಸಾಕ್ಷಿಯನ್ನು ನೀವೆಲ್ಲ ಮತ್ತೆ ಓದಿಸಿದ್ದು ಬಹುಶಃ ಅದಕ್ಕೇ. ಬೇಗ ಮುಗಿಸಿ ಮನೆ ಸೇರಬೇಕು ಅನ್ನುವವರು ಈ ಗೊಡವೆಗೆ ಹೋಗುವುದಿಲ್ಲ. ನಿಮ್ಮ ಮನಸ್ಸು ಬದಲಾದದ್ದು ಆ ಓದನ್ನು ಕೇಳಿದ ಮೇಲೆ ಎಂದು ನೀವೇ ಬರೆದಿದ್ದೀರಿ. ನಿಮ್ಮ ಕಾಗದದಲ್ಲಿ ನಾನು ಗೆರೆ ಎಳೆದು ಇಟ್ಟುಕೊಂಡ ಸಾಲು ಅದು.

‘ಒಂಬತ್ತು ಜನರಲ್ಲಿ ನೀವೊಬ್ಬರು, ಬಿಡಿ’ ಎಂದು ನಾನು ಹೇಳಲಾರೆ. ಕ್ಯಾಲಿಫೋರ್ನಿಯದಲ್ಲಿ ಸಿವಿಲ್ ತೀರ್ಪಿಗೆ ಹನ್ನೆರಡರಲ್ಲಿ ಒಂಬತ್ತು ಬೇಕೇ ಬೇಕು, ಆ ಒಂಬತ್ತನೆಯವರು ನೀವಾದಿರಿ. ಭಾರ ಅನಿಸುವುದು ಸಹಜ.

ಇನ್ಶೂರೆನ್ಸ್ ವಿಷಯದಲ್ಲಿ ನಿಮಗೆ ಯಾರೋ ಮೋಸ ಮಾಡಿದ ಹಾಗಾಗಿದೆ. ಶಿವಮೊಗ್ಗದಲ್ಲಿ ಇದೇ ಅಪಘಾತವಾಗಿದ್ದರೆ ಮೋಟಾರು ಅಪಘಾತ ಪರಿಹಾರ ನ್ಯಾಯಮಂಡಳಿಗೆ ಹೋಗುತ್ತಿತ್ತು. ಅಲ್ಲಿ ವಿಮಾ ಕಂಪನಿ ತನ್ನ ಹೆಸರಿನಲ್ಲೇ ಎದುರುದಾರ, ಅದರ ವಕೀಲರು ಎದುರಿಗೇ ಕೂತಿರುತ್ತಾರೆ, ಎಷ್ಟೋ ಕೇಸು ಲೋಕ ಅದಾಲತ್‌ನಲ್ಲಿ ರಾಜಿಯಾಗುತ್ತವೆ. ಕ್ಯಾಲಿಫೋರ್ನಿಯದಲ್ಲಿ ಇದಕ್ಕೆ ತದ್ವಿರುದ್ಧ. ಇನ್ಶೂರೆನ್ಸ್ ಇದೆಯೋ ಇಲ್ಲವೋ ಎಂಬುದನ್ನು ಲೆಕ್ಕಕ್ಕೆ ತರಲೇಬೇಡಿ ಎಂದು ಜ್ಯೂರಿಗೆ ಹೇಳುತ್ತಾರೆ. ಕಟ್ಟುವವರು ಕಂಪನಿಯವರು ತಾನೇ ಎಂದು ಕೈ ಸಡಿಲ ಬಿಡುವುದೂ ತಪ್ಪು, ಪಾಪದ ಹುಡುಗಿ ಎಂದು ಕೈ ಬಿಗಿ ಹಿಡಿಯುವುದೂ ತಪ್ಪು. ನಿಮ್ಮ ಮರುಕ ತೀರ್ಪಿನಲ್ಲಿ ಒಂದಿಷ್ಟು ಬೆರೆತಿರಬಹುದು. ಮಗಳ ವಯಸ್ಸಿನವಳನ್ನು ಎದುರಿಗೆ ಕೂರಿಸಿಕೊಂಡು ಒಂದಿಷ್ಟೂ ಮರುಗದವರು ನಿಮ್ಮ ಜಾಗದಲ್ಲಿ ಕೂರಬೇಕಿತ್ತು ಎಂದು ನನಗಂತೂ ಅನಿಸುವುದಿಲ್ಲ. ಇಂಥದ್ದು ಎಲ್ಲರೊಳಗೂ ಇರುತ್ತದೆಂದೇ ಒಬ್ಬರ ಬದಲು ಹನ್ನೆರಡು ಮಂದಿಯನ್ನು ಕೂರಿಸುವುದು.

ಹಾಗಾಗಿ ತೀರ್ಪಿನ ಮಟ್ಟಿಗೆ ನೀವು ತಪ್ಪಿತಸ್ಥರಲ್ಲ. ಉಳಿದ ಸಂಕಟ ಇನ್ನೊಂದರದು: ಬಾಯಿ ಬಿಡಲಿಲ್ಲ ಎಂಬುದರದು. ಅದನ್ನು ನೀವು ಒಂದೇ ಸಾಲಿನಲ್ಲಿ ದಾಟಿಬಿಟ್ಟಿರಿ, ನನಗೆ ಅಲ್ಲೇ ನಿಲ್ಲಬೇಕೆನಿಸಿತು. ನನ್ನ ಉಚ್ಚಾರ ಇವರಿಗೆ ತಿಳಿದೀತೇ, ನಾನು ಹೇಳಿದರೆ ಕೇಳಿಯಾರೇ ಎಂದು ಹಿಂಜರಿದಿರಾ? ಒಂದು ಸಂಗತಿ ಗಮನಿಸಿ. ಆಯ್ಕೆಯ ದಿನ ಎರಡೂ ಕಡೆಯ ವಕೀಲರು ನಿಮ್ಮ ಮಾತು ಕೇಳಿದ್ದರು. ಕಾರಣ ಕೊಡದೆ ಆರಾರು ಜನರನ್ನು ಕೈಬಿಡುವ ಅವಕಾಶ ಒಂದೊಂದು ಪಕ್ಷಕ್ಕೂ ಇತ್ತು. ನಿಮ್ಮನ್ನು ಇಬ್ಬರೂ ಉಳಿಸಿಕೊಂಡರು. ಎಂಟು ಮಂದಿ ಒಂದು ಕಡೆ ಇದ್ದಾಗ ನಾಲ್ವರ ಕಡೆ ಕೈ ಎತ್ತಿದ್ದೂ ನೀವೇ ಅಲ್ಲವೇ?

ಅಮ್ಮನ ಮಾತಿಗೆ ಅಮ್ಮನನ್ನು ದೂರಬೇಡಿ. ಅವರ ಕಾಲದವರಿಗೆ ಜ್ಯೂರಿ ಎಂದರೆ 1959ರ ನಾನಾವತಿ ಕೊಲೆ ಕೇಸು. ಆರೋಪಿಯನ್ನು ಜ್ಯೂರಿ ನಿರಪರಾಧಿ ಎಂದಿತು, ಹೈಕೋರ್ಟು ಅಪರಾಧಿ ಎಂದಿತು. ಮುಂದೆ ಭಾರತದ 1973ರ ಹೊಸ ದಂಡ ಪ್ರಕ್ರಿಯಾ ಸಂಹಿತೆಯಲ್ಲಿ ಜ್ಯೂರಿಗೆ ಜಾಗವೇ ಉಳಿಯಲಿಲ್ಲ. ನೀವಾಗಿಯೇ ಕಂಡವರ ಜಗಳಕ್ಕೆ ನುಗ್ಗಿದಿರಿ ಎಂದು ಅವರು ತಿಳಿದಿದ್ದಾರೆ. ಹಾಗಲ್ಲ, ಕೋರ್ಟಿನಿಂದ ಸಮನ್ಸ್ ಬಂದಿತ್ತು, ಹೋಗದಿದ್ದರೆ ದಂಡ ಬೀಳಬಹುದಿತ್ತು ಎಂದು ತಿಳಿಸಿ. ಆ ಕಕ್ಷಿದಾರರಲ್ಲಿ ಒಬ್ಬರಾದರೂ 150 ಡಾಲರು ಶುಲ್ಕ ಕಟ್ಟಿ, ಜಡ್ಜ್ ಒಬ್ಬರೇ ಬೇಡ, ಜ್ಯೂರಿ ಬೇಕು ಎಂದು ಕೇಳಿ ಪಡೆದದ್ದು. ನಿಮಗೆ ಸಿಕ್ಕಿದ್ದು ಎರಡನೆಯ ದಿನದಿಂದ ದಿನಕ್ಕೆ 15 ಡಾಲರು. ಮಧ್ಯಾಹ್ನದ ಊಟಕ್ಕೂ ಸಾಲದ ಹಣ. ನಿಟ್ಟುಸಿರು ತಟ್ಟುವುದು ನಮ್ಮ ಲಾಭಕ್ಕೆ ಇನ್ನೊಬ್ಬರ ಹೊಟ್ಟೆಯ ಮೇಲೆ ಹೊಡೆದಾಗ ತಾನೇ ಎಂದು ಅವರನ್ನೇ ಕೇಳಿ. ಅಮ್ಮಂದಿರಿಗೆ ಇಂಥ ಲೆಕ್ಕ ಬೇಗ ಅರ್ಥವಾಗುತ್ತದೆ.

ನಿದ್ದೆಯ ವಿಷಯ. ವಿಚಾರಣೆ ನಡೆಯುವಷ್ಟು ದಿನ ಗಂಡನ ಹತ್ತಿರವೂ ಕೇಸಿನ ಸುದ್ದಿ ಎತ್ತುವಂತಿರಲಿಲ್ಲ. ಎಲ್ಲವನ್ನೂ ಒಳಗೇ ಇಟ್ಟುಕೊಂಡು ಮನೆಯಲ್ಲಿ ಅಡುಗೆ ಮಾಡಿ ಬಡಿಸಿದ್ದೀರಿ. ಆ ನಿರ್ಬಂಧ ಈಗಿಲ್ಲ. ಒಂದು ಸಂಜೆ ಯಜಮಾನರನ್ನು ಕೂರಿಸಿಕೊಂಡು ಮೊದಲಿಂದ ಕೊನೆಯವರೆಗೆ ಹೇಳಿ. ಸಲಹೆ ಬೇಡ, ಸುಮ್ಮನೆ ಕೇಳಿ ಎಂದು ಮೊದಲೇ ಹೇಳಿಬಿಡಿ, ಗಂಡಸರಿಗೆ ಅಷ್ಟು ಹೇಳಬೇಕಾಗುತ್ತದೆ. ದಾವೆ ಹೂಡಿದವರ ಹೆಸರು, ವಿಳಾಸ ಹುಡುಕುವುದನ್ನು ಇವತ್ತೇ ನಿಲ್ಲಿಸಿ. ಇನ್ನೂ ಕೆಲವು ವಾರ ಹೀಗೇ ನಿದ್ದೆಗೆಟ್ಟರೆ ನಿಮ್ಮ ಡಾಕ್ಟರನ್ನು ಕಾಣಿ, ತಡ ಮಾಡಬೇಡಿ.

ಕನಿಷ್ಠ ಒಂದು ವರ್ಷ ನಿಮಗೆ ಜ್ಯೂರಿ ಕೆಲಸದಿಂದ ವಿನಾಯಿತಿ ಇದೆ. ಆಮೇಲೆ ಮತ್ತೆ ಸಮನ್ಸ್ ಬಂದರೆ ತಪ್ಪಿಸಿಕೊಳ್ಳಲು ನೆಪ ಹುಡುಕಬೇಡಿ, ಹೋಗಿ. ಟಿಪ್ಪಣಿ ಬರೆದುಕೊಳ್ಳಬಹುದು, ಅರ್ಥವಾಗದ್ದನ್ನು ಚೀಟಿಯಲ್ಲಿ ಬರೆದು ಜಡ್ಜ್‌ಗೆ ಕೊಡಬಹುದು. ಬಾಗಿಲು ಮುಚ್ಚಿದ ಮೇಲೆ, ಮೊದಲ ಸುತ್ತು ಕೈ ಎತ್ತುವ ಮುಂಚೆಯೇ ಒಂದು ಮಾತಾದರೂ ಆಡಿಬಿಡಿ. ತಪ್ಪು ಇಂಗ್ಲಿಷಿನಲ್ಲಾದರೂ ಸರಿ.