ಬಣ್ಣ ಆಮೇಲೆ, ತೇವ ಮೊದಲು

ಚೆನ್ನೈನಲ್ಲಿ ಫ್ಲ್ಯಾಟ್ ಕೊಂಡು, ಮರದ ನೆಲ ಹಾಕಿಸಬೇಕೆಂದು ಹೊರಟಿದ್ದೀಯ ಮಗಳೇ, ಸಂತೋಷ. ಆದರೆ ಅಂಗಡಿಯವನು ಅಂಗೈಯಗಲದ ತುಂಡುಗಳನ್ನು ಮುಂದೆ ಹರಡಿದ ಕೂಡಲೇ ಬಣ್ಣಕ್ಕೆ ಮರುಳಾಗಬೇಡ. ಈ ಊರಿನಲ್ಲಿ ಮರ ಕೆಡುವುದು ತೇವದಿಂದ, ಗೆದ್ದಲಿನಿಂದ. ಎರಡನ್ನೂ ತಾಳುವ ಮರ ಯಾವುದು ಎಂದು ಮೊದಲು ಕೇಳು.

ಗಟ್ಟಿ ಮರವೆಲ್ಲ ಬಾಳುವ ಮರವಲ್ಲ. ಮೇಪಲ್ ತೇಗಕ್ಕಿಂತ ಗಟ್ಟಿ, ಆದರೆ ಗೆದ್ದಲಿಗೆ ಸುಲಭದ ತುತ್ತು. ತೇಗದಲ್ಲಿ ಸಹಜವಾಗಿಯೇ ಎಣ್ಣೆಯಂಶವಿದೆ. ಮಳೆಗಾಲದಲ್ಲಿ ಅಷ್ಟಾಗಿ ಉಬ್ಬುವುದಿಲ್ಲ, ಹುಳು ಬೇಗ ಬಾಯಿ ಹಾಕುವುದಿಲ್ಲ. ಆ ಗುಣ ಒಳಗಿನ ತಿರುಳಾದ ಚೇಗಿಗೆ ಮಾತ್ರ. ಎಳೆಯ ತೇಗದಲ್ಲಿ ಹೊರಸುತ್ತಿನ ಬಿಳಿ ಭಾಗವೇ ಹೆಚ್ಚು, ಬಣ್ಣ ಬಳಿದರೆ ಮೇಲುನೋಟಕ್ಕೆ ಗೊತ್ತಾಗದು. ಹಲಗೆಯನ್ನು ಮಗುಚಿ ಹಿಂಬದಿ ನೋಡು. ಕೊಯ್ದ ತುದಿಯನ್ನೂ ನೋಡು: ಗೆರೆಗಳು ನೆಟ್ಟಗೆ ನಿಂತಿದ್ದರೆ ಹಲಗೆ ಅಗಲಕ್ಕೆ ಕಡಿಮೆ ಹಿಗ್ಗುತ್ತದೆ, ಮಲಗಿದ್ದರೆ ಹೆಚ್ಚು ಹಿಗ್ಗಿ ಬಾಗುತ್ತದೆ.

ಬರ್ಮಾ ತೇಗ ಎಂದರೆ ಕಾಗದಪತ್ರ ಕೇಳು. ಮ್ಯಾನ್ಮಾರ್ 2014ರ ಏಪ್ರಿಲ್‌ನಲ್ಲೇ ದಿಮ್ಮಿಗಳ ರಫ್ತು ನಿಲ್ಲಿಸಿದೆ. ಹಳೇ ಮನೆ ಕೆಡವಿದ ತೇಗ ಸಿಕ್ಕರೆ ಬಿಡಬೇಡ. ಎಷ್ಟೋ ವರ್ಷ ಒಣಗಿ ಪಳಗಿದ ಮರ ಅದು. ಒಳಗೆ ಮುರಿದ ಮೊಳೆ ಉಳಿದಿದ್ದರೆ ಮಿಲ್ಲಿನ ಬ್ಲೇಡು ಹಾಳಾಗುತ್ತದೆ, ಆ ಖರ್ಚು ಯಾರದೆಂದು ಮೊದಲೇ ಮಾತಾಡಿಕೋ.

ಮರ ಹಾಸುವ ಮುನ್ನ ಅಡಿಯ ನೆಲವೂ ಒಣಗಿರಬೇಕು. ಹೊಸ ಕಾಂಕ್ರೀಟು ಒಣಗಲು ತಿಂಗಳುಗಳೇ ಬೇಕು. ಒಂದೂವರೆ ಅಡಿ ಚೌಕದ ಪ್ಲಾಸ್ಟಿಕ್ ಹಾಳೆ ಹಾಸಿ, ನಾಲ್ಕೂ ಅಂಚಿಗೆ ಟೇಪು ಅಂಟಿಸಿ, ಮರುದಿನ ಎತ್ತು. ಅಡಿಯಲ್ಲಿ ಹನಿ ಕಟ್ಟಿದ್ದರೆ, ನೆಲ ಕಪ್ಪಾಗಿದ್ದರೆ ಕೆಲಸ ಮುಂದಕ್ಕೆ ಹಾಕು. ಹಲಗೆಗಳು ಒಂದೆರಡು ವಾರ ಅದೇ ಕೋಣೆಯಲ್ಲಿ ಇದ್ದು ಹೊಂದಿಕೊಳ್ಳಲಿ. ಗೋಡೆಯ ಸುತ್ತ 10 ಮಿಲಿಮೀಟರಿನಷ್ಟು ಸಂದು ಬಿಡಿಸು, ಸ್ಕರ್ಟಿಂಗ್ ಅದನ್ನು ಮುಚ್ಚುತ್ತದೆ. ಇಲ್ಲದಿದ್ದರೆ ಅಕ್ಟೋಬರಿನಲ್ಲಿ ಹಿಂಗಾರು ಹಿಡಿದಾಗ ಹಲಗೆಗಳು ಒಂದನ್ನೊಂದು ದೂಡಿ ನಡುವೆ ಎದ್ದು ನಿಲ್ಲುತ್ತವೆ. ವೇಳಚ್ಚೇರಿಯಂಥ ತಗ್ಗಿನಲ್ಲಿ ನೆಲಮಹಡಿಯ ಮನೆಯಾದರೆ ಈ ಯೋಚನೆಯನ್ನೇ ಕೈಬಿಡು. 2015ರ ಡಿಸೆಂಬರಿನಲ್ಲಿ ಅಲ್ಲಿ ನೀರು ಮನೆಯೊಳಗೇ ನುಗ್ಗಿತ್ತು.

ಚೆಟ್ಟಿನಾಡಿನ ಶ್ರೀಮಂತರು ಬರ್ಮಾದಿಂದಲೇ ತೇಗ ತರಿಸಿದವರು. ಅವರೂ ಕಂಬ, ಬಾಗಿಲುಗಳಿಗೆ ತೇಗ ಬಳಸಿ ಕಾಲಡಿಗೆ ಆತಂಗುಡಿ ಟೈಲ್ಸ್ ಹಾಸಿದರು. ಬರಿಗಾಲಿಗೆ ತಂಪು, ನೀರು ಹೊಯ್ದು ತೊಳೆಯಲೂಬಹುದು. ನಮ್ಮವರೂ ಅಷ್ಟೇ, ಹಬ್ಬದ ಹಿಂದಿನ ದಿನ ಬಕೆಟ್ಟುಗಟ್ಟಲೆ ನೀರು ಸುರಿಯದೆ ಮನೆ ಚೊಕ್ಕಟವಾಯಿತೆಂದು ಒಪ್ಪುವವರಲ್ಲ. ಆದ್ದರಿಂದ ಅಡುಗೆಮನೆ, ದೇವರಮನೆ, ನಡುಮನೆಗೆ ಟೈಲ್ಸೇ ಇರಲಿ. ಮರವನ್ನು ಮಲಗುವ ಕೋಣೆಯೊಂದಕ್ಕೇ ಹಾಕಿಸು, ಆದರೆ ಒಳ್ಳೆಯದನ್ನೇ ಹಾಕಿಸು. ಅಲ್ಲಿಗೆ ಚೆನ್ನಾಗಿ ಹಿಂಡಿದ ಬಟ್ಟೆ ಮಾತ್ರ ಎಂದು ಕೆಲಸದವಳನ್ನೂ ನಿಮ್ಮ ಅತ್ತೆಯನ್ನೂ ಒಪ್ಪಿಸಿದ ಮೇಲೆಯೇ ಅಂಗಡಿಗೆ ಅಡ್ವಾನ್ಸ್ ಕೊಡು.